ಒಂದೇ ಕೈಯ ಶಿಲ್ಪಿ, ನಡುವೆ 172 ವರ್ಷ

ಕಾರ್ಕಳದ ಗೊಮ್ಮಟ ನಿಂತದ್ದು 1432ರಲ್ಲಿ, ವೇಣೂರಿನ ಗೊಮ್ಮಟ 1604ರಲ್ಲಿ. ತುಳುವಿನ ಹಾಡುಗತೆ ಪಾಡ್ದನದ ಪ್ರಕಾರ ಎರಡನ್ನೂ ಕಡೆದವನು ಒಬ್ಬನೇ, ಕಲ್ಕುಡ. ಇಂಥ ಕೆಲಸ ಇನ್ನೆಲ್ಲೂ ಆಗಬಾರದೆಂದು ಕಾರ್ಕಳದ ಭೈರರಸ ಅವನ ಎಡಗೈಯನ್ನೂ ಬಲಗಾಲನ್ನೂ ಕಡಿಸಿದ. ಉಳಿದ ಒಂದು ಕೈ, ಒಂದು ಕಾಲಿನಲ್ಲಿ ಅವನು ವೇಣೂರಿಗೆ ಬಂದು ತಿಮ್ಮಣ್ಣ ಅಜಿಲನಿಗೆ ಇನ್ನೊಂದು ಗೊಮ್ಮಟ ಮಾಡಿಕೊಟ್ಟ. ಅಣ್ಣನನ್ನು ಹುಡುಕಿಕೊಂಡು ಬಂದ ತಂಗಿ ಕಲ್ಲುರ್ಟಿ ಅವನ ಅವಸ್ಥೆ ನೋಡಿ ಸಹಿಸಲಿಲ್ಲ. ಇಬ್ಬರೂ ಮಾಯವಾಗಿ ದೈವಗಳಾದರು. ಕಾರ್ಕಳದಿಂದ ಮೂಡುಬಿದಿರೆಯ ಮೇಲಾಗಿ ವೇಣೂರಿಗೆ ಇವತ್ತು ಬಸ್ಸಿನಲ್ಲಿ ಹೆಚ್ಚೆಂದರೆ ಒಂದೂವರೆ ಗಂಟೆ. ಕಲ್ಕುಡನಿಗೆ ಹಿಡಿದದ್ದು 172 ವರ್ಷ.

ಇಸವಿ ಹಿಡಿದು ಓದುವವರಿಗೆ ಇದಕ್ಕಿಂತ ದೊಡ್ಡ ತಲೆಬಿಸಿಯೂ ಉಂಟು. ಹಲವು ಪಾಠಗಳಲ್ಲಿ ಕಲ್ಕುಡನ ಅಪ್ಪ ಬೆಳಗೊಳದಲ್ಲಿ ಕಲ್ಲಿನ ಕೆಲಸ ಮಾಡಿದವನು. ಅಲ್ಲಿಯ ಗೊಮ್ಮಟ ಹತ್ತನೇ ಶತಮಾನದ ಕೊನೆಯದ್ದು. ಹಾಗಾದರೆ ಅಪ್ಪನ ಕೆಲಸಕ್ಕೂ ಮಗನ ಮೊದಲ ಕೆಲಸಕ್ಕೂ ನಾಲ್ಕೂವರೆ ಶತಮಾನದ ಅಂತರ! ಆರು ಶತಮಾನಗಳನ್ನು ಎರಡು ತಲೆಮಾರಿನೊಳಗೆ ಕೂರಿಸಿದ ಈ ಹಾಡನ್ನು ಚರಿತ್ರೆಕಾರರು ಐತಿಹ್ಯ ಎಂದು ಬದಿಗಿಟ್ಟರು. ಅವರ ಕಸುಬಿಗೆ ಅದು ಸರಿಯೇ. ನೇಜಿ ನೆಡುತ್ತ ಹಾಡುವ ಹೆಂಗಸರಿಗೆ ಅದೊಂದು ತಕರಾರೇ ಆಗಿರಲಿಲ್ಲ. ಆದರೆ ಕಾದಂಬರಿಕಾರರು ಇಲ್ಲಿ ನಿಲ್ಲಬೇಕಿತ್ತು. ಸಂಕಟಪಟ್ಟ ಒಬ್ಬ ಮನುಷ್ಯ, ಅವನನ್ನು ಹುಡುಕಿ ಹೊರಟ ಒಂದು ಜೀವ, ಅರಸರ ಕಾಳಗ, ಶತಮಾನಗಳನ್ನು ದಾಟುವ ನಡಿಗೆ. ಕಾಲಯಾನದ ಕಾದಂಬರಿಗೆ ಇನ್ನೇನು ಬೇಕು?

ಕಾಲ ದಾಟಿ ಹೋಗಿ ಪ್ರೀತಿಸುವ, ಸತ್ತವರನ್ನು ಮರೆಯಲಾಗದ, ಜತೆಗೆ ಚರಿತ್ರೆಯ ನಡುವೆ ಸಾಹಸವನ್ನೂ ಮಾಡಿಸುವ ಕಾದಂಬರಿ ಇಂಗ್ಲಿಷಿನಲ್ಲಿ ದೊಡ್ಡ ಮಾರುಕಟ್ಟೆಯನ್ನೇ ಕಟ್ಟಿಕೊಂಡಿದೆ. ಕನ್ನಡದಲ್ಲಿ ಆ ಪ್ರಕಾರ ಬೇರು ಬಿಡಲಿಲ್ಲ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಸುತ್ತಿನಲ್ಲಿ ಸಾಮಗ್ರಿ ಇಷ್ಟು ಬಿದ್ದಿರುವಾಗಲೂ ಯಾಕೆ ಹೀಗೆ ಎಂಬ ಪ್ರಶ್ನೆಯನ್ನು ಸ್ವಲ್ಪ ಸುತ್ತಿ ನೋಡಬೇಕು.

ಹೊರಗಿನ ಕಥೆ ಚಿಕ್ಕದಾಗಿ ಹೀಗಿದೆ. ಮಾರ್ಕ್ ಟ್ವೇನ್ 1889ರಲ್ಲಿ ಒಬ್ಬ ಅಮೆರಿಕನ್ನನನ್ನು ಆರ್ಥರ್ ರಾಜನ ಆಸ್ಥಾನಕ್ಕೆ ಕಳಿಸಿದ. ಅವನಿಗೆ ಬೇಕಾದದ್ದು ಹಾಸ್ಯ ಮತ್ತು ಟೀಕೆ. ಎಚ್.ಜಿ. ವೆಲ್ಸ್ 1895ರಲ್ಲಿ ಯಂತ್ರ ಮಾಡಿಕೊಟ್ಟ, ಆದರೆ ಅದನ್ನು ಭವಿಷ್ಯದ ಕಡೆಗೆ ಓಡಿಸಿದ. ಪ್ರೀತಿ, ದುಃಖಗಳು ಒಳಗೆ ಬಂದದ್ದು ತಡವಾಗಿ. 1970ರಲ್ಲಿ ಜಾಕ್ ಫಿನ್ನಿ ಬರೆದ ಕಾದಂಬರಿಯ ನಾಯಕ 1882ರ ನ್ಯೂಯಾರ್ಕಿಗೆ ಹೋಗಿ ಅಲ್ಲಿಯ ಹೆಣ್ಣೊಬ್ಬಳಿಗೆ ಮನಸೋಲುತ್ತಾನೆ. 1979ರಲ್ಲಿ ಆಕ್ಟೇವಿಯಾ ಬಟ್ಲರ್ ಬರೆದ ‘ಕಿಂಡ್ರೆಡ್’ನ ಕಪ್ಪು ಹೆಂಗಸು ಗುಲಾಮಗಿರಿಯ ಕಾಲಕ್ಕೆ ಮತ್ತೆ ಮತ್ತೆ ಎಳೆಯಲ್ಪಡುತ್ತಾಳೆ, ತನ್ನ ವಂಶ ಹುಟ್ಟಬೇಕಾದರೆ ಗುಲಾಮರ ಒಡೆಯನ ಮಗನನ್ನೇ ಬದುಕಿಸಬೇಕಾದ ಗತಿ ಅವಳದ್ದು. 1991ರ ‘ಔಟ್‌ಲ್ಯಾಂಡರ್’ನಲ್ಲಿ ಡಯಾನಾ ಗ್ಯಾಬಾಲ್ಡನ್ ಈ ಪ್ರಕಾರಕ್ಕೆ ಅದರ ಜನಪ್ರಿಯ ರೂಪ ಕೊಟ್ಟಳು. ಎರಡನೇ ಮಹಾಯುದ್ಧದಲ್ಲಿ ದುಡಿದ ನರ್ಸ್ ಕ್ಲೇರ್ ಸ್ಕಾಟ್ಲೆಂಡಿನ ನಿಲುಗಲ್ಲುಗಳ ನಡುವಿನಿಂದ 1743ಕ್ಕೆ ಬೀಳುತ್ತಾಳೆ. ಅಲ್ಲಿ ಪ್ರೀತಿ, ಮದುವೆ, 1746ರ ಕಲೋಡನ್ ಕಾಳಗದ ಭಯ. ಮುಂದಿನ ಭಾಗಗಳಲ್ಲಿ ಮತ್ತೆ ತನ್ನ ಕಾಲಕ್ಕೆ ಮರಳಿ, ಆ ಗಂಡ ಸತ್ತನೆಂದೇ ನಂಬಿ ಇಪ್ಪತ್ತು ವರ್ಷ ಕಳೆಯುತ್ತಾಳೆ. 2003ರಲ್ಲಿ ಆಡ್ರಿ ನಿಫೆನೆಗರ್ ಗಂಡನನ್ನೇ ಕಾಲದಲ್ಲಿ ಜಾರುವವನನ್ನಾಗಿ ಮಾಡಿ ಹೆಂಡತಿಯನ್ನು ಕಾಯಲು ಕೂರಿಸಿದಳು.

ಇವುಗಳಲ್ಲಿ ಯಂತ್ರ, ಕಲ್ಲು, ಕಾಯಿಲೆ ಎಲ್ಲ ನೆವ. ಕಥೆಯನ್ನು ಎಳೆಯುವುದು ದುಃಖ. ಹೋದವರು ಹೋದರು, ಅವರ ಜತೆ ಇನ್ನು ಮಾತಿಲ್ಲ ಎಂದು ಗಟ್ಟಿಯಾಗಿ ನಂಬಿದ ಸಮಾಜಕ್ಕೆ ಮಾತ್ರ ಆ ಬಾಗಿಲನ್ನು ಒಡೆಯಲು ಒಂದು ಉಪಾಯ ಬೇಕಾಗುತ್ತದೆ. ನಮ್ಮಲ್ಲಿ ಬಾಗಿಲು ಅಷ್ಟು ಭದ್ರವಾಗಿ ಮುಚ್ಚಿಯೇ ಇರಲಿಲ್ಲ. ಕನ್ನಡಕ್ಕೆ ಈ ಪ್ರಕಾರ ಬಾರದೆ ಇದ್ದದ್ದಕ್ಕೆ ಕಲ್ಪನೆಯ ಬಡತನ ಕಾರಣ ಎಂದು ಹೇಳುವವರಿದ್ದಾರೆ. ನನಗೆ ಹಾಗೆ ಕಾಣುವುದಿಲ್ಲ. ಅದು ಮಾಡುವ ಕೆಲಸವನ್ನು ಬೇರೆ ಯಾರೋ ಮೊದಲೇ ಮಾಡುತ್ತಿದ್ದರು.

ಮೊದಲು ಮಾಡಿದವನು ಪಂಪ. 941ರ ‘ಆದಿಪುರಾಣ’ದಲ್ಲಿ ದೇವಲೋಕದ ಲಲಿತಾಂಗನ ಹೂಮಾಲೆ ಬಾಡುತ್ತದೆ, ಆಯುಷ್ಯ ಮುಗಿಯಿತೆಂಬುದಕ್ಕೆ ಅದು ಸೂಚನೆ. ಪ್ರಿಯೆ ಸ್ವಯಂಪ್ರಭೆಯನ್ನು ಬಿಟ್ಟು ಹೋಗಬೇಕು. ಅವಳು ಮುಂದೆ ಶ್ರೀಮತಿಯಾಗಿ ಹುಟ್ಟುತ್ತಾಳೆ. ಒಂದು ದಿನ ಆಕಾಶದಲ್ಲಿ ಹೋಗುತ್ತಿದ್ದ ದೇವತೆಗಳನ್ನು ಕಂಡು ಹಿಂದಿನದೆಲ್ಲ ಒಮ್ಮೆಲೇ ನೆನಪಾಗಿ ಮೂರ್ಛೆ ಬೀಳುತ್ತಾಳೆ. ಆಮೇಲೆ ಆ ನೆನಪನ್ನೇ ಚಿತ್ರವಾಗಿ ಬರೆಯುತ್ತಾಳೆ, ದಾದಿ ಪಂಡಿತೆ ಅದನ್ನು ಬಸದಿಗೆ ಒಯ್ದು ಎಲ್ಲರ ಕಣ್ಣಿಗೆ ಬೀಳುವ ಹಾಗೆ ಇಡುತ್ತಾಳೆ. ಚಿತ್ರ ನೋಡಿ ಗುರುತು ಹಿಡಿಯುವವನು ವಜ್ರಜಂಘ, ಅಂದಿನ ಲಲಿತಾಂಗ. ಕಳೆದುಹೋದ ಕಾಲದ ಪ್ರೇಮಿಯನ್ನು ಹುಡುಕಲು ಚಿತ್ರವನ್ನು ಜಾಹೀರಾತಿನಂತೆ ಬಳಸಿದ ಈ ಉಪಾಯಕ್ಕೆ ಇಂದಿನ ಯಾವ ಕಥಾಲೇಖಕನೂ ಹೊಟ್ಟೆಕಿಚ್ಚು ಪಡಬೇಕು. ಅದೇ ಶತಮಾನದ ಕೊನೆಗೆ ನಾಗವರ್ಮ ಬಾಣನ ‘ಕಾದಂಬರಿ’ಯನ್ನು ಕನ್ನಡಕ್ಕೆ ತಂದ. ಅದರಲ್ಲಿ ಅಚ್ಛೋದ ಸರೋವರದ ದಡದಲ್ಲಿ ಮಹಾಶ್ವೇತೆ ಸತ್ತ ಪುಂಡರೀಕನಿಗಾಗಿ ಕಾದು ಕೂತಿದ್ದಾಳೆ. ಜೈನ ಕಾವ್ಯದ ಭವಾವಳಿಯಲ್ಲಿ ಜೀವ ಕಾಲವನ್ನು ದಾಟುವುದು ಕರ್ಮದ ನಿಯಮ. ಅದಕ್ಕೆ ಯಂತ್ರ ಬೇಡ, ಆದರೆ ಹಿಂದಕ್ಕೆ ಹೋಗುವ ಅವಕಾಶವೂ ಇಲ್ಲ. ಹೊಸಗಾಲದ ಕಾದಂಬರಿಗೂ ಅದಕ್ಕೂ ಇರುವ ದೊಡ್ಡ ಅಂತರ ಇದೇ.

ಮೂಡುಬಿದಿರೆಗೆ ಈ ಲೋಕ ಹೊರಗಿನದ್ದಲ್ಲ. ಸಾವಿರ ಕಂಬದ ಬಸದಿ 1430ರ ಸುಮಾರಿನದ್ದು. ‘ಭರತೇಶ ವೈಭವ’ದ ರತ್ನಾಕರವರ್ಣಿ ಇದೇ ಊರಿನವನು. ಧವಲ, ಜಯಧವಲ, ಮಹಾಧವಲ ಎಂಬ ಸಿದ್ಧಾಂತಗ್ರಂಥಗಳ ತಾಳೆಗರಿಗಳು ಶತಮಾನಗಳ ಕಾಲ ಇಲ್ಲಿ ದರ್ಶನಕ್ಕೆ ಮಾತ್ರ ಸಿಗುತ್ತಿದ್ದವು, ಓದಿಗಲ್ಲ. ಹತ್ತೊಂಬತ್ತನೇ ಶತಮಾನದ ಕೊನೆಗೆ ನಕಲು ಮಾಡಲು ಅಪ್ಪಣೆ ಸಿಕ್ಕಿತು, ಪ್ರತಿಗಳು ಊರು ಬಿಡಬಾರದೆಂಬ ಕಟ್ಟುಪಾಡಿನ ಜತೆಗೆ. ನಕಲಿಗೆ ನೇಮಕವಾದ ಪಂಡಿತರೊಬ್ಬರು ಹೆಂಡತಿಯ ನೆರವಿನಿಂದ ಮನೆಯಲ್ಲಿ ಗುಟ್ಟಾಗಿ ಇನ್ನೊಂದು ಕನ್ನಡ ಪ್ರತಿ ಮಾಡಿದರು. ಅದು ಉತ್ತರಕ್ಕೆ ಹೋಗಿ, 1939ರಿಂದ ಧವಲ ಅಚ್ಚಾಗುವುದಕ್ಕೆ ದಾರಿಯಾಯಿತು. ರಾತ್ರಿ ದೀಪದ ಮುಂದೆ ಗಂಡ ಹೆಂಡತಿ ಕೂತು ಯಾರಿಗೂ ಗೊತ್ತಾಗದ ಹಾಗೆ ಸಾವಿರ ವರ್ಷ ಹಳೆಯ ಮಾತುಗಳನ್ನು ಇಳಿಸಿಕೊಳ್ಳುವುದನ್ನು ಯೋಚಿಸಿ. ಅದೊಂದೇ ಒಂದು ಕಾದಂಬರಿ.

ಹೊಸಗನ್ನಡಕ್ಕೆ ಬಂದರೆ ಶಿವರಾಮ ಕಾರಂತರ ‘ಮೂಕಜ್ಜಿಯ ಕನಸುಗಳು’ ಮುಖ್ಯ ಕೃತಿ. 1968ರಲ್ಲಿ ಬಂತು, ಜ್ಞಾನಪೀಠವನ್ನೂ ತಂದಿತು. ಎಳವೆಯಲ್ಲೇ ಗಂಡನನ್ನು ಕಳೆದುಕೊಂಡ ಅಜ್ಜಿ, ಮೊಮ್ಮಗ ಸುಬ್ಬರಾಯ ತಂದುಕೊಟ್ಟ ಹಳೆಯ ವಸ್ತುಗಳನ್ನು ಕೈಯಲ್ಲಿ ಹಿಡಿದರೆ ಅವುಗಳ ಕಾಲ ಅವಳ ಕಣ್ಣಿಗೆ ಕಾಣುತ್ತದೆ. ಇದನ್ನು ಕಾಲಯಾನದ ಕಾದಂಬರಿ ಎಂದು ಯಾರೂ ಕರೆಯುವುದಿಲ್ಲ, ಕರೆದರೆ ಕಾರಂತರೇ ಗದರುತ್ತಿದ್ದರೋ ಏನೋ. ಆದರೂ ದುಃಖಕ್ಕೂ ಕಾಲದರ್ಶನಕ್ಕೂ ಇರುವ ಸಂಬಂಧವನ್ನು ಇಷ್ಟು ಸಲೀಸಾಗಿ ಇಟ್ಟ ಇನ್ನೊಂದು ಕೃತಿ ನಮ್ಮಲ್ಲಿಲ್ಲ. ಬದುಕಬೇಕಾಗಿದ್ದ ಬದುಕು ಸಿಗದವಳಿಗೆ ಉಳಿದೆಲ್ಲರ ಬದುಕು ಕಾಣಿಸುತ್ತದೆ. ಪ್ರಣಯ ಮಾತ್ರ ಅಲ್ಲಿ ಅವಳ ಪಾಲಿನದ್ದಲ್ಲ.

ಚರಿತ್ರೆಯ ಸಾಹಸವನ್ನು ಬೇರೆಯವರು ನೋಡಿಕೊಂಡರು. 1837ರಲ್ಲಿ ಸುಳ್ಯದ ಕಡೆಯಿಂದ ಹೊರಟು ಬಂಟ್ವಾಳದ ದಾರಿಯಾಗಿ ಮಂಗಳೂರು ಹಿಡಿದ ದಂಗೆಯ ಮೇಲೆ ನಿರಂಜನರ ‘ಕಲ್ಯಾಣಸ್ವಾಮಿ’ ಇದೆ. ಗೋಪಾಲಕೃಷ್ಣ ಪೈಯವರ ‘ಸ್ವಪ್ನ ಸಾರಸ್ವತ’ ಗೋವೆಯಿಂದ ತೆಂಕಣ ಕರಾವಳಿಗೆ ಬಂದವರ ವಲಸೆಯನ್ನು ಹಿಡಿಯಿತು. ವಸುಧೇಂದ್ರರ ‘ತೇಜೋ ತುಂಗಭದ್ರಾ’ ಲಿಸ್ಬನ್ನಿನ ಪ್ರೇಮವನ್ನು ಗೋವೆ, ವಿಜಯನಗರಕ್ಕೆ ತಂದು ಹೊಸ ಓದುಗರನ್ನು ಗೆದ್ದಿತು. ಇವುಗಳ ಪಾತ್ರಗಳು ತಮ್ಮ ಕಾಲದೊಳಗೇ ಇರುತ್ತವೆ. ಕಾಲ ದಾಟುವ ಧೈರ್ಯ ತೋರಿಸಿದ್ದು ಸಿನಿಮಾ. 1991ರ ತೆಲುಗಿನ ‘ಆದಿತ್ಯ 369’ರಲ್ಲಿ ಯಂತ್ರ ಹತ್ತಿದವರು ಕೃಷ್ಣದೇವರಾಯನ ಆಸ್ಥಾನಕ್ಕೆ ಹೋದರು, ತುಳುವ ವಂಶದ ಅರಸನನ್ನು ನೋಡಲು ತೆಲುಗಿನವರೇ ಮೊದಲು ಹೋಗಬೇಕಾಯಿತು! 2024ರ ‘ಬ್ಲಿಂಕ್’ ಕನ್ನಡದಲ್ಲೂ ಇದು ಸಾಧ್ಯ ಎಂದು ತೋರಿಸಿತು.

ಇಷ್ಟೆಲ್ಲ ಪುಸ್ತಕದ ಮಾತು. ಈ ಮೂರು ತಾಲೂಕುಗಳಲ್ಲಿ ನಿಜವಾದ ಪೈಪೋಟಿ ಪುಸ್ತಕದ್ದಲ್ಲ, ಆಚರಣೆಯದ್ದು. ತುಳುನಾಡಿನಲ್ಲಿ ಎಳವೆಯಲ್ಲಿ ತೀರಿದ ಮಕ್ಕಳಿಗೆ ಮದುವೆ ಮಾಡುವ ಕ್ರಮ ಉಂಟು, ಕುಲೆ ಮದಿಮೆ. ಸಾಮಾನ್ಯವಾಗಿ ಆಟಿ ತಿಂಗಳಲ್ಲಿ, ಎಷ್ಟೋ ಸಲ ಮಗು ತೀರಿ ಇಪ್ಪತ್ತು ಮೂವತ್ತು ವರ್ಷವಾದ ಮೇಲೆ. ಮನೆಯಲ್ಲಿ ಏನೋ ಅಡಚಣೆ, ಇನ್ನೊಬ್ಬ ಮಗನಿಗೆ ಹೆಣ್ಣು ಸಿಗುತ್ತಿಲ್ಲ. ಪ್ರಶ್ನೆ ಇಡಿಸಿದರೆ ಸತ್ತ ಹುಡುಗಿಗೆ ಪ್ರಾಯ ಬಂದಿದೆ ಎಂದು ತಿಳಿಯುತ್ತದೆ. ಆಗ ಸರಿಯಾದ ಮನೆಯಲ್ಲಿ ಸತ್ತ ಹುಡುಗನನ್ನು ಹುಡುಕುತ್ತಾರೆ. ಬರಿ, ಅಂದರೆ ತಾಯಿಯಿಂದ ಬರುವ ಕುಲ, ಇಬ್ಬರದ್ದೂ ಒಂದೇ ಆಗಿದ್ದರೆ ಆಗದು. ನಿಶ್ಚಯ, ಸೀರೆ, ಧಾರೆ, ಊಟ ಎಲ್ಲ ಉಂಟು. ಹೆಣ್ಣಿನ ಕಡೆಯವರು ಗಂಡಿನ ಕಡೆಯವರಿಗೆ ಕುಂದು ಹೇಳುವುದೂ ಉಂಟು. ನನ್ನನ್ನು ಬೆರಗುಗೊಳಿಸುವುದು ಆ ಪ್ರಾಯದ ಸಂಗತಿ. ಸತ್ತವರು ನಿಂತಲ್ಲೇ ನಿಲ್ಲುವುದಿಲ್ಲ, ನಮ್ಮ ಜತೆಯಲ್ಲೇ ಬೆಳೆಯುತ್ತಾರೆ. ಕ್ಲೇರ್‌ಗೆ 1743ರ ಗಂಡ 1743ರಲ್ಲಿ ಮಾತ್ರ ಸಿಗುತ್ತಾನೆ. ಇಲ್ಲಿ ತಾಯಿ ಮಗಳನ್ನು ಹುಡುಕಿ ಹಿಂದಕ್ಕೆ ಹೋಗಬೇಕಾಗಿಲ್ಲ; ಮಗಳೇ ಮದುವೆಯ ಪ್ರಾಯಕ್ಕೆ ಬಂದು ಮನೆಯ ಬಾಗಿಲು ತಟ್ಟುತ್ತಾಳೆ.

ಸಿರಿಯದ್ದು ಇನ್ನೂ ಆಳ. ಬೆಳ್ತಂಗಡಿ ತಾಲೂಕಿನ ಮಾಚಾರಿನ ಗೋಪಾಲ ನಾಯ್ಕರು 1990ರಲ್ಲಿ ಫಿನ್ಲೆಂಡಿನ ಲೌರಿ ಹೋಂಕೊ ಅವರ ತಂಡಕ್ಕೆ ಹಾಡಿದ ಸಿರಿ ಪಾಡ್ದನ 15,683 ಸಾಲುಗಳದ್ದು. ವಿವೇಕ ರೈ, ಚಿನ್ನಪ್ಪ ಗೌಡ ಆ ತಂಡದಲ್ಲಿದ್ದರು. 1998ರಲ್ಲಿ ಅದು ಗ್ರಂಥವಾಗಿ ಬಂತು. ಗಂಡನ ಮೋಸಕ್ಕೆ ಅವನನ್ನು ಬಿಟ್ಟು, ಮಗು ಕುಮಾರನನ್ನು ಕಟ್ಟಿಕೊಂಡು ಹೊರಟ ಸಿರಿ, ಮಗಳು ಸೊನ್ನೆ, ಚೆನ್ನೆಮಣೆಯ ಜಗಳದಲ್ಲಿ ಸತ್ತ ಅಬ್ಬಗ ದಾರಗ. ಮೂರು ತಲೆಮಾರಿನ ಹೆಂಗಸರ ದುಃಖ. ನಂದಳಿಕೆ, ಹಿರಿಯಡಕ, ಕವತ್ತಾರಿನ ಆಲಡೆಗಳಲ್ಲಿ ಹುಣ್ಣಿಮೆಯ ರಾತ್ರಿ ಹೆಂಗಸರು ಸಾಲಾಗಿ ಹಿಂಗಾರ ಹಿಡಿದು ನಿಂತಾಗ ಒಬ್ಬೊಬ್ಬರ ಮೈಮೇಲೆ ಇವರಲ್ಲಿ ಒಬ್ಬಳು ಬರುತ್ತಾಳೆ. ಕುಮಾರನ ಪಾತ್ರಿ ಹೊಸಬಳನ್ನು ಕೇಳುತ್ತಾನೆ, ಯಾರು ನೀನು ಎಂದು. ಅವಳು ತಡವರಿಸಿ, ಅತ್ತು, ಕೊನೆಗೆ ಹೇಳುವ ಹೆಸರು ಪಾಡ್ದನದ್ದು. ತನ್ನ ಮನೆಯಲ್ಲಿ ಬಾಯಿಬಿಡಲಾಗದ ಸಂಕಟವನ್ನು ಆ ರಾತ್ರಿ ಸಿರಿಯ ಸಂಕಟವಾಗಿ ಹೇಳಬಹುದು.

ಕಾದಂಬರಿಗೆ ಜಾಗ ಎಲ್ಲಿ ಎಂಬುದು ಇಲ್ಲೇ ಗೊತ್ತಾಗುತ್ತದೆ. ಆಚರಣೆ ಹಿಂದಿನದನ್ನು ಕರೆತರುತ್ತದೆ, ಆದರೆ ಯಾರನ್ನು? ಸಿರಿಯನ್ನು, ಕಲ್ಲುರ್ಟಿಯನ್ನು, ಹೆಸರು ಪಡೆದವರನ್ನು. ಕಳೆದ ವರ್ಷ ಆಸ್ಪತ್ರೆಯಲ್ಲಿ ತೀರಿದ, ಚಹಾಕ್ಕೆ ಸಕ್ಕರೆ ಜಾಸ್ತಿ ಹಾಕಿಕೊಳ್ಳುತ್ತಿದ್ದ ಗಂಡನನ್ನು ಅದು ಅವನ ಹಾಗೆಯೇ ತಂದುಕೊಡಲಾರದು. ಕುಲೆ ಮದಿಮೆಯಲ್ಲಿ ಮದುಮಗಳಿಗೆ ಸೀರೆ ಸಿಗುತ್ತದೆ, ಮಾತು ಸಿಗುವುದಿಲ್ಲ. ಕೋಲದಲ್ಲಿ ದೈವ ಕೊಡುವ ಅಭಯ ಇಡೀ ಕುಟುಂಬಕ್ಕೆ, ಊರಿಗೆ. ಒಬ್ಬಳ ಖಾಸಗಿ ದುಃಖ, ಒಬ್ಬನೇ ಮನುಷ್ಯನ ಮೇಲಿನ ಹಟದ ಪ್ರೀತಿ ಆ ಅಂಗಳದಲ್ಲಿ ಬದಿಗೆ ನಿಂತಿರುತ್ತದೆ. ಅಲ್ಲಿ ನಿಂತವಳ ಕಥೆಯನ್ನು ಹೇಳಲು ಕಾದಂಬರಿಯೇ ಬೇಕು. ನಿಲುಗಲ್ಲಿನ ಬದಲು ದೈವದ ಕಲ್ಲನ್ನಿಟ್ಟು, ಗೌನಿನ ಬದಲು ಸೀರೆ ಉಡಿಸಿ ಔಟ್‌ಲ್ಯಾಂಡರನ್ನು ವೇಣೂರಿಗೆ ತಂದರೆ ಕೆಲಸ ಆಗುವುದಿಲ್ಲ. ಊರಿನ ಯಾವ ಅಜ್ಜಿಯೂ ಅಂಥ ಕಥೆಯನ್ನು ಹತ್ತು ಪುಟ ಸಹಿಸಲಾರಳು.

ನಿಯಮವನ್ನೂ ಇಲ್ಲಿಂದಲೇ ಎತ್ತಿಕೊಳ್ಳಬೇಕು. ಪಶ್ಚಿಮದ ಕಾಲಯಾನಿಗೆ ಒಂದೇ ಚಿಂತೆ: ನಡೆದದ್ದನ್ನು ತಪ್ಪಿಸಬಹುದೇ? ಕಲೋಡನ್ ಕಾಳಗವನ್ನು ನಿಲ್ಲಿಸಬಹುದೇ? ಕಲ್ಲುರ್ಟಿಗೆ ಆ ಚಿಂತೆ ಇಲ್ಲ. ಅಣ್ಣನ ಕೈ ಮತ್ತೆ ಬರುವುದಿಲ್ಲವೆಂದು ಅವಳಿಗೆ ಗೊತ್ತು. ಅವಳು ಕಾರ್ಕಳದ ಅರಮನೆಗೆ ಹೋಗಿ ಕಾಟ ಕೊಟ್ಟು ಲೆಕ್ಕ ಕೇಳುತ್ತಾಳೆ. ನಡೆದದ್ದು ಅಳಿಸದು, ನ್ಯಾಯ ಮಾತ್ರ ಬಾಕಿ. ಬಾಕಿಗೆ ಅವಧಿ ಇಲ್ಲ. 1432ರದ್ದನ್ನು 1604ರಲ್ಲೂ ಕೇಳಬಹುದು, ಇವತ್ತೂ ಕೇಳಬಹುದು. 172 ವರ್ಷದ ಎಡವಟ್ಟು ನನಗೆ ಅರ್ಥವಾಗುವುದು ಹೀಗೆ. ಬಂಟ್ವಾಳ ತಾಲೂಕಿನ ಸಜೀಪಮೂಡದ ಪಣೋಲಿಬೈಲಿನಲ್ಲಿ ಕಲ್ಲುರ್ಟಿಗೆ ಅಗೆಲು ಸೇವೆ ಕೊಡಲು ಈಗಲೂ ಜನ ಸೇರುತ್ತಾರೆ, ಕಳವಾದ ಚಿನ್ನದಿಂದ ಹಿಡಿದು ಅಣ್ಣತಮ್ಮಂದಿರ ಜಾಗದ ತಕರಾರಿನವರೆಗೆ ಎಲ್ಲವನ್ನೂ ಅವಳ ಮುಂದೆ ಇಡುತ್ತಾರೆ.

ಸಾಹಸಕ್ಕೆ ಕೊರತೆ ಇಲ್ಲ. ವೇಣೂರಿನ ಮೂರ್ತಿ ತನಗೆ ಬೇಕೆಂದು ಕಾರ್ಕಳದ ಅರಸ ಕೇಳಿದನೆಂದೂ, ತಿಮ್ಮಣ್ಣ ಒಪ್ಪದೆ ಕಾಳಗವಾದಾಗ ಮೂರ್ತಿಯನ್ನು ಫಲ್ಗುಣಿ ಹೊಳೆಯ ಮರಳಿನಲ್ಲಿ ಹೂತಿಟ್ಟನೆಂದೂ ಐತಿಹ್ಯ. ಮೂವತ್ತೈದು ಅಡಿಯ ಕಲ್ಲನ್ನು ಶತ್ರುವಿನ ಕಣ್ಣು ತಪ್ಪಿಸಿ ಹೂಳುವ ರಾತ್ರಿಗಿಂತ ಒಳ್ಳೆಯ ಅಧ್ಯಾಯ ಬೇಕೇ? ಗೊಮ್ಮಟನ ಇನ್ನೊಂದು ಪ್ರಯಾಣವಂತೂ ನಮ್ಮ ಹಿರಿಯರ ಕಣ್ಣಮುಂದೆಯೇ ನಡೆಯಿತು: ರೆಂಜಾಳ ಗೋಪಾಲಕೃಷ್ಣ ಶೆಣೈಯವರು ಕಾರ್ಕಳದಲ್ಲಿ ಕಡೆದ ಗೊಮ್ಮಟ 1973ರಲ್ಲಿ ಬೆಳ್ತಂಗಡಿ ತಾಲೂಕಿನ ಧರ್ಮಸ್ಥಳಕ್ಕೆ ಬಂತು, 1982ರಲ್ಲಿ ಪ್ರತಿಷ್ಠೆಯಾಯಿತು. ಶಿಲ್ಪಿಯ ಕೈಗೆ ಈ ಸಲ ಸನ್ಮಾನ ಸಿಕ್ಕಿತು. ಕಲ್ಕುಡನ ಕಥೆ ಬಲ್ಲ ಕಾದಂಬರಿಕಾರ ಇದನ್ನು ಬಿಡಬಾರದು.

ಇನ್ನು ದುಃಖಿಯಾದ ಪ್ರಯಾಣಿಕನೊಬ್ಬ ಬೇಕೆಂದರೆ ಅವನನ್ನು ಕಟ್ಟುವ ಅಗತ್ಯವೇ ಇಲ್ಲ. 1623ರಲ್ಲಿ, ವೇಣೂರಿನ ಗೊಮ್ಮಟಕ್ಕೆ ಬರೇ 19 ವರ್ಷವಾಗಿದ್ದಾಗ, ಪಿಯೆತ್ರೊ ದೆಲ್ಲಾ ವಲ್ಲೆ ಎಂಬ ರೋಮಿನವನು ಇಕ್ಕೇರಿಯಿಂದ ಇಳಿದು ಮಂಗಳೂರಿಗೆ ಬಂದ. ಬಾಗ್ದಾದಿನಲ್ಲಿ ಮದುವೆಯಾದ ಹೆಂಡತಿ ಮಾನಿ 1621ರ ಕೊನೆಗೆ ಪರ್ಶಿಯಾದ ಮಿನಾಬಿನಲ್ಲಿ ತೀರಿಕೊಂಡಿದ್ದಳು. ಅವಳನ್ನು ಅಲ್ಲಿ ಮಣ್ಣು ಮಾಡಲು ಅವನಿಗೆ ಮನಸ್ಸಾಗಲಿಲ್ಲ. ಶವಕ್ಕೆ ಲೇಪ ಹಾಕಿಸಿ, ಪೆಟ್ಟಿಗೆಯಲ್ಲಿಟ್ಟು ಹಿಂದೂಸ್ತಾನಕ್ಕೆ ತಂದ. ಕೊನೆಗೆ 1627ರಲ್ಲಿ ರೋಮಿನಲ್ಲಿ ತನ್ನ ಕುಟುಂಬದ ಸಮಾಧಿಯಲ್ಲಿ ಹೂಳಿದ. ಹೀಗೆ ಸತ್ತವಳನ್ನು ಬಿಡಲಾರದೆ ಅಲೆಯುತ್ತಿದ್ದವನು ಮಾಣೇಲಿನಲ್ಲಿ ಉಳ್ಳಾಲದ ರಾಣಿ ಅಬ್ಬಗ ದೇವಿ ಚೌಟಳನ್ನು, ಅಂದರೆ ನಮ್ಮ ಅಬ್ಬಕ್ಕನನ್ನು, ಕಂಡ. ಬರಿಗಾಲಿನಲ್ಲಿ, ದಪ್ಪ ಬಿಳಿ ಬಟ್ಟೆಯುಟ್ಟು, ಅಗೆತದ ಕೆಲಸ ನೋಡಿಕೊಳ್ಳುತ್ತಿದ್ದಳು. ನೋಟಕ್ಕೆ ರಾಣಿಯಂತಿಲ್ಲ, ಮಾತಿಗೆ ಕೂತರೆ ರಾಣಿಯೇ ಎಂಬ ಅರ್ಥದಲ್ಲಿ ಬರೆದಿಟ್ಟಿದ್ದಾನೆ. ಅವಳದ್ದೂ ಮುರಿದ ದಾಂಪತ್ಯ. ಗಂಡ ಬಂಗರಸ, ಬೆಳ್ತಂಗಡಿಯ ಬಂಗಾಡಿ, ಬಂಟ್ವಾಳದ ನಂದಾವರ ಆ ಮನೆತನದ ನೆಲೆಗಳು. ಅವನು ಕೊಟ್ಟ ಒಡವೆಗಳನ್ನು ಅವಳು ಹಿಂದಕ್ಕೆ ಕಳಿಸಿದಳು, ಅವನು ಅವಳನ್ನು ದೋಣಿಯಲ್ಲಿ ಹಿಡಿಸಿದ, ಅವಳು ಇಕ್ಕೇರಿಯ ವೆಂಕಟಪ್ಪ ನಾಯಕನ ನೆರವು ತಂದಳು. ಹೆಂಡತಿಯನ್ನು ಸತ್ತ ಮೇಲೂ ಬಿಡದವನೊಬ್ಬ, ಗಂಡನನ್ನು ಬದುಕಿದ್ದಾಗಲೇ ಬಿಟ್ಟವಳೊಬ್ಬಳು, ಒಂದೇ ಬೀದಿಯಲ್ಲಿ ನಿಂತು ದುಭಾಷಿಯ ಮೂಲಕ ಮಾತಾಡಿದ್ದಾರೆ! ಈ ಭೇಟಿಯನ್ನು ನಾವು ಇದುವರೆಗೆ ಅಬ್ಬಕ್ಕನ ಶೌರ್ಯದ ಅಡಿಟಿಪ್ಪಣಿಯಾಗಿ ಮಾತ್ರ ಬಳಸಿದ್ದೇವೆ.

ಸಣ್ಣ ಸಂಗತಿಗಳಲ್ಲೂ ಶ್ರಮ ಬೇಕು. 1604ರ ಅಡುಗೆಮನೆಯಲ್ಲಿ ಖಾರಕ್ಕೆ ಒಳ್ಳೆಮೆಣಸನ್ನೇ ಮೊದಲು ನೆನೆಯಬೇಕು. ಒಣಮೆಣಸು, ಗೇರು, ಅನಾನಸು ಪೋರ್ಚುಗೀಸರ ಹಡಗಿನ ಹಿಂದೆ ಬಂದವು. ಬೆಳ್ತಂಗಡಿಯ ರಬ್ಬರ್ ತೋಟಗಳನ್ನು ಕಣ್ಣಿಂದ ಅಳಿಸಬೇಕು. ಗಡಾಯಿಕಲ್ಲಿನ ಮೇಲಿನ ಟಿಪ್ಪುವಿನ ಕೋಟೆ 1794ರದ್ದು, ಆಗ ಅದು ಇರಲಿಲ್ಲ. ಬಳಸಿದ ಪಾತ್ರೆ, ಸೇರು, ಕಳಸೆ, ನೊಗ ನೇಗಿಲುಗಳನ್ನು ನೋಡಬೇಕೆಂದರೆ ಬಂಟ್ವಾಳದಲ್ಲಿ ತುಕಾರಾಮ ಪೂಜಾರಿಯವರು ಕಟ್ಟಿದ ರಾಣಿ ಅಬ್ಬಕ್ಕ ತುಳು ಅಧ್ಯಯನ ಕೇಂದ್ರದ ಸಂಗ್ರಹಾಲಯ ಇದೆ.

ಪ್ರಣಯದ ತೊಡಕು ಬರಿಯಲ್ಲಿದೆ, ಮತ್ತು ನನ್ನ ಮಟ್ಟಿಗೆ ಇಡೀ ಸಾಮಗ್ರಿಯಲ್ಲಿ ಅತಿ ಫಲವತ್ತಾದ ಜಾಗ ಅದು. ಇಂಥ ಕಾದಂಬರಿಯಲ್ಲಿ ಇವತ್ತಿನಿಂದ 1604ಕ್ಕೆ ಬಿದ್ದ ಬಂಟ್ವಾಳದ ಹೆಂಗಸನ್ನು ಯಾರೂ ಆಧಾರ್ ಕಾರ್ಡ್ ಕೇಳುವುದಿಲ್ಲ. ಕೇಳುವುದು ನಿನ್ನ ಬರಿ ಯಾವುದು ಎಂದು. ಅದು ತಾಯಿಯಿಂದ ಮಗಳಿಗೆ ಬಂದದ್ದು, ನಾನ್ನೂರು ವರ್ಷ ಹಿಂದಕ್ಕೂ ನಡೆಯುತ್ತದೆ, ಅವಳು ತಡವರಿಸದೆ ಹೇಳಬಲ್ಲಳು. ಸ್ಕಾಟ್ಲೆಂಡಿನಲ್ಲಿ ಕ್ಲೇರ್ ಪರಕೀಯಳು, ಗೂಢಚಾರಳೆಂಬ ಅನುಮಾನಕ್ಕೆ ಗುರಿ. ಇವಳು ಹೇಳಿದ ತಕ್ಷಣ ನೆಂಟಳು. ನೆಂಟಸ್ತಿಕೆಯೇ ಅಪಾಯ, ಮನಸ್ಸು ಹೋದವನ ಬರಿಯೂ ಅದೇ ಆಗಿದ್ದರೆ ಅವನು ಅಣ್ಣನ ಸಮ, ಮಾತು ಅಲ್ಲಿಗೆ ಮುಗಿಯಿತು. ಬೇರೆಯಾಗಿದ್ದರೆ ಕಥೆ ಇನ್ನಷ್ಟು ಸಿಕ್ಕಾಗುತ್ತದೆ. ಅಳಿಯಸಂತಾನದಲ್ಲಿ ಮಗು ತಾಯಿಯ ಕುಟುಂಬಕ್ಕೆ ಸೇರಿದ್ದು. 1949ರ ಮದ್ರಾಸ್ ಕಾಯ್ದೆ, 1956ರ ಉತ್ತರಾಧಿಕಾರ ಕಾಯ್ದೆ ಆಸ್ತಿಯ ಕಟ್ಟನ್ನು ಸಡಿಲಿಸಿದವು, ಬರಿಯನ್ನು ಮುಟ್ಟಲಿಲ್ಲ. ಅವಳಿಗೆ ಅಲ್ಲಿ ಹೆಣ್ಣುಮಗು ಹುಟ್ಟಿದರೆ ಅದು ಅವಳದ್ದೇ ಬರಿ. ಅವಳು ಮರಳಿ ಬಂದರೂ ಆ ಮಗು ಅಲ್ಲೇ ಬೆಳೆದು, ಮಗಳಿಂದ ಮಗಳಿಗೆ ಇಳಿದು ಇಳಿದು, ಕೊನೆಗೆ ಬಂಟ್ವಾಳದ ಮನೆಗೇ ಬಂದು ಮುಟ್ಟಬಹುದು. ಬಟ್ಲರಳ ನಾಯಕಿ ವಂಶ ಉಳಿಸಲು ಶತ್ರುವನ್ನು ಕಾಯಬೇಕಾಯಿತು. ಇವಳು ತಾನೇ ಮೂಲದ ಹೆಂಗಸು. ಹಾಗಾದರೆ ತನ್ನ ಗಂಡ ತೀರಿದ ವರ್ಷದ ಆಟಿಯಲ್ಲಿ, ತರವಾಡು ಮನೆಯಲ್ಲಿ ಹಿರಿಯರಿಗೆ ಎಲೆ ಹಾಕಿ ಬಡಿಸುವಾಗ ಅವಳಿಗೆ ಎಷ್ಟು ಗೊತ್ತಿತ್ತು, ಗೊತ್ತಿದ್ದೂ ಆ ಮಗುವನ್ನು ಬಿಟ್ಟು ಯಾಕೆ ಬಂದಳು ಎಂಬುದನ್ನು ಬರೆಯುವವರು ಮೊದಲೇ ತೀರ್ಮಾನಿಸಿಕೊಂಡು ಕೂರಬೇಕು.